ಎತ್ತಿ ಕುಡಿಯೋರ ಊರಲ್ಲಿ ಕೆಂಪು ವೈನು

ಬಾಯಿಗೆ ಹಾಕಿಕೊಂಡು ಉಗುಳೋದಕ್ಕೆ ಸಂಬಳ ಕೊಡ್ತಾರೆ ಅಂತ ಹೇಳಿದಾಗ ನಮ್ಮತ್ತೆ ನಂಬಲೇ ಇಲ್ಲ. ಅವರನ್ನ ಯಾಕೆ ಅನ್ನಲಿ, ಮೊದಮೊದಲು ನಾನೇ ನಂಬಿರಲಿಲ್ಲ. ಹಿಂದೂಪುರದಿಂದ ಚಿಲಮತ್ತೂರು ಕಡೆ ಹೋಗೋ ರಸ್ತೆಯಲ್ಲಿ ನಮ್ಮ ವೈನ್ ಫ್ಯಾಕ್ಟರಿ. ಅಲ್ಲಿ ದ್ರಾಕ್ಷಿ ಆರಿಸೋ ಮೇಜಿನ ಮುಂದೆ ನಿಂತು ಶುರು ಮಾಡಿದವಳು, ರುಚಿ ನೋಡೋ ಕೋಣೆಯಿಂದ ನಿವೃತ್ತಿಯಾಗಿ ಮನೆಗೆ ಬಂದೆ. ನಡುವೆ ಯಾವ ಹುದ್ದೆ ಕೊಟ್ಟರು, ಯಾವಾಗ ಕೊಟ್ಟರು ಅನ್ನೋದನ್ನ ಬಿಡ್ತೀನಿ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ಈಗ ಸೇರೋ ಹುಡುಗ ಹುಡುಗಿಯರು ಕಾಲೇಜಲ್ಲಿ ಕಲಿತು ಬರ್ತಾರೆ. ಒಳ್ಳೇದು. ಆದರೆ ಪುಸ್ತಕದಲ್ಲಿ ಬರೆಯದೇ ಇರೋದು ಈ ಕೆಲಸದಲ್ಲಿ ಬೇಕಾದಷ್ಟಿದೆ, ಅದನ್ನ ಹೇಳೋಣ ಅಂತ ಕೂತಿದ್ದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಬಂದ ಅತಿಥಿಗಳಿಗೆಲ್ಲ ನೀವು ಹೆಮ್ಮೆಯಿಂದ ತೋರಿಸ್ತೀರಲ್ಲ, ಕಲ್ಯಾಣದುರ್ಗದ ತೋಟದ ಆ ಹಳೇ ಕೆಂಪು ವೈನು, ಅದು ಒಂದು ದಿನ ಟ್ಯಾಂಕರಿಗೆ ಸುರಿದು ಬ್ರಾಂದಿ ಕಂಪನಿಗೆ ಹೋಗೋದರಲ್ಲಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನನ್ನ ಹೆಸರು ಅಂಜಿನಮ್ಮ. ತವರು ಕಲ್ಯಾಣದುರ್ಗದ ಪಕ್ಕ, ಕೊಟ್ಟಿದ್ದು ಹಿಂದೂಪುರಕ್ಕೆ. ಮನೇಲಿ ಕನ್ನಡ, ಅಂಗಡೀಲಿ ತೆಲುಗು, ಬೈಗುಳ ಎರಡರಲ್ಲೂ. ಆರಿಸೋ ಮೇಜಿನ ಮುಂದೆ ಕೊಳೆತ ಹಣ್ಣು, ಎಲೆ, ಕಡ್ಡಿ ತೆಗೆದು ಬಿಸಾಕೋದು ನನ್ನ ಕೆಲಸ. ಒಂದು ದಿನ ಗೋರಂಟ್ಲ ಕಡೆಯಿಂದ ಬಂದ ಲೋಡಿನಲ್ಲಿ ಒಂದು ಕ್ರೇಟು ಡೀಸೆಲ್ ವಾಸನೆ ಹೊಡೀತಿತ್ತು. ನಾನು ಡ್ರೈವರನ್ನ ಹಿಡಕೊಂಡು ಜಾಡಿಸ್ತಿದ್ದೆ. ಗಲಾಟೆ ಕೇಳಿ ಮೂರ್ತಿ ಸಾರ್ ಬಂದರು. ಇವರು ನಮ್ಮಲ್ಲಿ ವೈನ್ ಮಾಡೋ ಮುಖ್ಯಸ್ಥರು, ಹೊರದೇಶದಲ್ಲಿ ಓದಿದವರು, ಆದರೂ ಮಧ್ಯಾಹ್ನ ಮುದ್ದೆ ಬಿಟ್ಟವರಲ್ಲ. ಅವರೂ ಮೂಸಿದರು, ಹೌದು ಅಂದರು. ಡ್ರೈವರನ್ನ ಬಿಟ್ಟು ನನ್ನ ಕಡೆ ತಿರುಗಿ, ನಾಳೆಯಿಂದ ಒಳಗೆ ಬಾಮ್ಮ, ಬೇರೆ ಕೆಲಸ ಇದೆ ಅಂದರು.

ಒಳಗೆ ಅಂದರೆ ರುಚಿ ನೋಡೋ ಕೋಣೆ. ನನ್ನ ಜೊತೆ ಓಬಳೇಶ ಅಂತ ಇದ್ದ, ಟ್ಯಾಂಕ್ ತೊಳೆಯೋ ಕಡೆಯಿಂದ ಬಂದವನು, ಬಾಯಿ ಜೋರು, ಮನಸ್ಸು ಬೆಣ್ಣೆ. ಇನ್ನಿಬ್ಬರು ಲ್ಯಾಬಿನವರು. ಮೂರ್ತಿ ಸಾರ್ ಮೊದಲ ದಿನವೇ ಹೇಳಿದರು, ಗ್ಲಾಸಲ್ಲಿ ಹಾಕಿರೋದನ್ನ ಮೂಸಿ, ಬಾಯಿಗೆ ಹಾಕಿ, ನಾಲಿಗೆ ಮೇಲೆಲ್ಲ ಓಡಾಡಿಸಿ, ಆಮೇಲೆ ಆ ಬಕೆಟಿಗೆ ಉಗುಳಿ.

ಉಗುಳೋದಾ? ದೊಡ್ಡವರ ಮುಂದೆ? ಅದೂ ಸಾಹೇಬರು ಎದುರಿಗೆ ನಿಂತು ನೋಡ್ತಿರುವಾಗ? ನಮ್ಮ ಕಡೆ ಮನುಷ್ಯರ ಮುಂದೆ ಉಗುಳಿದರೆ ಅದಕ್ಕೆ ಒಂದೇ ಅರ್ಥ, ಜಗಳಕ್ಕೆ ಬಾ ಅಂತ. ನಾನು ಓಬಳೇಶನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರೂ ಗುಟುಕ್ ಅಂತ ನುಂಗಿದೆವು. ಇನ್ನೊಂದು ಗ್ಲಾಸು, ಮತ್ತೆ ಗುಟುಕ್. ಮರ್ಯಾದೆ ಕಾಪಾಡಿಕೊಂಡು ಮರ್ಯಾದೆ ಕಾಪಾಡಿಕೊಂಡು, ಮೇಜಿನ ಮೇಲೆ ಇದ್ದದ್ದೆಲ್ಲ ಮುಗಿಯೋ ಹೊತ್ತಿಗೆ ನನಗೆ ನೆಲ ಎಲ್ಲಿದೆ ಅಂತ ಗೊತ್ತಾಗದೆ ಹೋಯ್ತು. ಓಬಳೇಶ ಮೂರ್ತಿ ಸಾರ್ ಕೈ ಹಿಡಕೊಂಡು, ನೀವು ನಮ್ಮಪ್ಪ ಇದ್ದಂಗೆ ಅಂತ ಅಳೋಕೆ ಶುರು ಮಾಡಿದ. ಸಾರ್ ಅವನಿಗಿಂತ ಚಿಕ್ಕವರು.

ನಮ್ಮೋರು ಟಿವಿಎಸ್ ತಂದು ಕರಕೊಂಡು ಹೋದರು. ದಾರಿಯುದ್ದಕ್ಕೂ ನಾನು ಹಸೆ ಹಾಡು ಹೇಳಿದೆನಂತೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಒಂದು ಚೊಂಬು ಮಜ್ಜಿಗೆ ಕೊಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೇ ದಿನ ಕೆಲಸ ಹೋಯ್ತು ಅಂತಲೇ ಅಂದುಕೊಂಡು ಹೋದೆ. ಮೂರ್ತಿ ಸಾರ್ ನಕ್ಕರು. ಬಕೆಟ್ ತೆಗೆಸಿ, ಪ್ರತಿಯೊಬ್ಬರಿಗೂ ಒಂದೊಂದು ಚೊಂಬು ಕೊಟ್ಟು, ಎಲ್ಲರೂ ಗೋಡೆ ಕಡೆ ಮುಖ ಮಾಡಿ ಅಂದರು. ತಾವೂ ಗೋಡೆ ಕಡೆ ತಿರುಗಿ ಮೊದಲು ತಾವೇ ಉಗುಳಿದರು. ಆಮೇಲೆ ನಮಗೂ ಧೈರ್ಯ ಬಂತು. ಈಗ ನಿಮ್ಮ ಕೋಣೆಯಲ್ಲಿ ಮೇಜುಗಳು ಗೋಡೆಗೆ ಮುಖ ಮಾಡಿಕೊಂಡಿವೆಯಲ್ಲ, ಅದೇನೋ ವಿದೇಶದ ಪದ್ಧತಿ ಅಂದುಕೊಂಡಿರ್ತೀರಿ. ಅದು ನನ್ನ ಮತ್ತು ಓಬಳೇಶನ ನಾಚಿಕೆಯಿಂದ ಬಂದ ಪದ್ಧತಿ ಕಣ್ರಪ್ಪ.

ಎರಡನೇ ಕಷ್ಟ ಹೂವಿಂದು. ವಾಸನೆ ಹಿಡಿಯೋ ಕೋಣೆಗೆ ಮಲ್ಲಿಗೆ ಮುಡಿದು ಹೋಗೋ ಹಾಗಿಲ್ಲ, ಅರಿಶಿನ ಹಚ್ಚೋ ಹಾಗಿಲ್ಲ, ತಲೆಗೆ ಕೊಬ್ಬರಿ ಎಣ್ಣೆ ಕೂಡದು, ಎಲೆ ಅಡಿಕೆ ಕೂಡದು. ಮನೇಲಿ ಇದು ದೊಡ್ಡ ರಾದ್ಧಾಂತವಾಯ್ತು. ಮುತ್ತೈದೆ ಬರೀ ತಲೇಲಿ ಹೊರಗೆ ಹೋಗ್ತಾಳೆ ಅಂದರೆ ನೋಡಿದವರು ಏನಂದುಕೊಳ್ತಾರೆ ಅಂತ ಅತ್ತೆ ಊಟ ಬಿಟ್ಟರು. ಅವರ ಸಂಕಟವೂ ಸುಳ್ಳಲ್ಲ, ಮಗನ ಆಯುಸ್ಸಿನ ಮಾತು. ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಮನೆಯಿಂದ ಹೂ ಮುಡಿದೇ ಹೊರಡೋದು, ಗೇಟಿನ ಹತ್ತಿರ ವಾಚ್‌ಮನ್ ಕೋಣೆ ಗೋಡೆಗೆ ಮೊಳೆ ಹೊಡೆಸಿ ಹೂ ಅಲ್ಲಿ ತೂಗುಹಾಕೋದು, ಸಂಜೆ ವಾಪಸ್ ಮುಡಕೊಂಡು ಹೋಗೋದು. ಬೇರೆ ಹೆಂಗಸರೂ ಶುರು ಮಾಡಿದರು. ಅತ್ತೆ ಒಂದು ದಿನ ಖುದ್ದಾಗಿ ಬಂದು ಗೋಡೆ ಮೇಲಿನ ಸಾಲು ಹೂ ನೋಡಿ, ನನ್ನ ಹೂ ಯಾವುದು ಅಂತ ಕೇಳಿ, ಸಮಾಧಾನ ಮಾಡಿಕೊಂಡು ಹೋದರು.

ಆಯುಧಪೂಜೆ ಅವಾಂತರವನ್ನೂ ಹೇಳಲೇಬೇಕು. ಓಕ್ ಮರದ ಪೀಪಾಯಿಗಳು ಹೊಸದಾಗಿ ಬಂದಿದ್ದವು, ನಾವು ಬ್ಯಾರಲ್ ಅಂತೀವಿ. ಅಷ್ಟು ದೂರದಿಂದ ಬಂದ ವಸ್ತು, ಪೂಜೆ ಮಾಡದೆ ಬಿಡೋದಾ? ಮೂರ್ತಿ ಸಾರ್ ಊರಿಗೆ ಹೋಗಿದ್ದರು. ನಾವೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದೊಂದು ಬ್ಯಾರಲಿಗೂ ವಿಭೂತಿ ಪಟ್ಟೆ ಎಳೆದು, ಕುಂಬಳಕಾಯಿ ಒಡೆದು, ಸಾಂಬ್ರಾಣಿ ಹೊಗೆ ಹಾಕಿದೆವು. ಹಾಕಿದ್ದು ಹೇಗೆ ಅಂದರೆ, ಎದುರಿಗೆ ನಿಂತವರ ಮುಖ ಕಾಣ್ತಿರಲಿಲ್ಲ. ಕಿಟಕಿಯಿಲ್ಲದ ಜಾಗ ಅದು, ಹೊಗೆ ಹೋಗೋದೆಲ್ಲಿಗೆ? ಹಬ್ಬ ಕಳೆದು ಎಷ್ಟೋ ದಿನ ಆದಮೇಲೂ ಯಾವ ಗ್ಲಾಸು ಎತ್ತಿದರೂ ದೇವಸ್ಥಾನದ ವಾಸನೆ. ಮೂರ್ತಿ ಸಾರ್ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಬೈಯಲಿಲ್ಲ. ಮುಂದಿನ ವರ್ಷದಿಂದ ಪೂಜೆ ಹೊರಗೆ ಪಂಪ್‌ಸೆಟ್ಟಿಗೆ ಮಾಡಿ, ಒಳಗಿನವರಿಗೆಲ್ಲ ಅದೇ ತಲುಪುತ್ತೆ ಅಂದರು.

ಆಗಿನ ಕೆಲಸದ ರೀತಿಯೇ ಬೇರೆ. ರಸ ಹುದುಗು ಬರ್ತಿದೆಯಾ ಇಲ್ಲವಾ ಅಂತ ನೋಡೋಕೆ ಓಬಳೇಶ ಟ್ಯಾಂಕಿಗೆ ಕಿವಿ ಇಟ್ಟು ನಿಲ್ತಿದ್ದ. ಒಳಗೆ ಗುಯ್‌ಗುಡ್ತಿದ್ದರೆ ಸರಿ, ಸುಮ್ಮನಾದರೆ ಓಡಿ ಹೋಗಿ ಸಾರ್‌ಗೆ ಹೇಳೋನು. ಈಗ ನೀವು ಮನೇಲಿ ಕೂತು ಫೋನಲ್ಲೇ ನೋಡ್ತೀರಿ. ಅದೇ ಸರಿ, ಟ್ಯಾಂಕಿನ ಬಿಸಿಗೆ ಓಬಳೇಶನ ಕಿವಿ ಕೆಂಪಗಾಗಿ ಊದಿಕೊಳ್ತಿತ್ತು. ಆದರೆ ವಾಸನೆ ಹಿಡಿಯೋ ಫೋನು ಇನ್ನೂ ಬಂದಿಲ್ಲ, ಅಲ್ಲಿವರೆಗೆ ನಿಮ್ಮ ಮೂಗೇ ಗತಿ.

ಇನ್ನು ಫ್ರಾನ್ಸಿನ ವೈನಿನ ಮಾತು. ಹಳೇ ಕೆಂಪು ವೈನು ಹೇಗಿರುತ್ತೆ ಅಂತ ನಮಗೆ ತೋರಿಸಬೇಕು ಅಂತ ಮೂರ್ತಿ ಸಾರ್ ಒಂದು ಬಾಟಲಿ ತರಿಸಿದರು. ಬೋರ್ಡೋ ಅನ್ನೋ ಸೀಮೆಯದು ಅಂದರು. ಓಬಳೇಶ ನಗು ತಡೀಲಾರದೆ ನಕ್ಕ. ಅವನಿಗೂ ನನಗೂ ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಹೊಡೆಯೋ ಔಷಧಿ. ಆ ಔಷಧಿ ಹುಟ್ಟಿದ್ದೂ ಅಲ್ಲಿಯ ದ್ರಾಕ್ಷಿ ತೋಟದಲ್ಲೇ ಅಂತ ಸಾರ್ ಹೇಳಿದ ಮೇಲೆ ಅವನಿಗೆ ಆ ಊರಿನ ಮೇಲೆ ಗೌರವ ಬಂತು.

ಆ ಗೌರವವೇ ಮುಳುವಾಯ್ತು. ಬಾಟಲಿ ತಳದಲ್ಲಿ ಕಪ್ಪಗೆ ಗಷ್ಟು ಕೂತಿತ್ತು. ವರ್ಷಾನುಗಟ್ಟಲೆ ಮಲಗಿಸಿಟ್ಟ ವೈನಿಗೆ ಅದು ಸಹಜ, ಅದನ್ನ ಕದಲಿಸದೆ ಮೇಲಿನದನ್ನ ಮಾತ್ರ ನಿಧಾನ ಬಗ್ಗಿಸಿಕೊಳ್ಳಬೇಕು. ಓಬಳೇಶನಿಗೇನು ಗೊತ್ತು? ಆಸ್ಪತ್ರೆಯಲ್ಲಿ ಕೊಡೋ ಔಷಧಿ ಬಾಟಲಿ ಕಂಡವನು. ಸಾರ್ ಬರೋಷ್ಟರಲ್ಲಿ ಸಿದ್ಧ ಮಾಡಿಡೋಣ ಅಂತ ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಕುಲುಕಿಬಿಟ್ಟ. ಮೂರ್ತಿ ಸಾರ್ ಒಳಗೆ ಬಂದು ನೋಡಿದವರು, ಬಾಯಿ ತೆರೆದು, ಮುಚ್ಚಿ, ಕುರ್ಚಿ ಮೇಲೆ ಕೂತರು. ಗಷ್ಟು ಮತ್ತೆ ತಳ ಹಿಡಿಯೋವರೆಗೂ ಆ ಬಾಟಲಿ ಬಾಣಂತಿಯಂತೆ ಮೂಲೆಯಲ್ಲಿತ್ತು. ಯಾರೂ ಹತ್ತಿರ ಹೋಗಕೂಡದು ಅಂತ ಕಟ್ಟಪ್ಪಣೆ.

ಕೊನೆಗೂ ಕುಡಿದಾಗ ನಾವು ಹೇಳಿದ್ದೇನು ಗೊತ್ತಾ? ಕೆಟ್ಟುಹೋಗೈತೆ ಅಂದೆವು. ನಾವು ಆವರೆಗೆ ಕಂಡಿದ್ದೆಲ್ಲ ಹೊಸ ವೈನು. ಬಣ್ಣ ನೇರಳೆ ಹಣ್ಣಿನ ಹಾಗೆ, ವಾಸನೆ ಹಣ್ಣಿನ ಹಾಗೆ, ಬಾಯಿಗೆ ಹಾಕಿದರೆ ಒಗರು ಅಂದರೆ ಒಗರು, ನಾಲಿಗೆ ಹಿಡಿದು ಎಳೀತಿತ್ತು. ಇದರ ಬಣ್ಣ ಅಂಚಿನಲ್ಲಿ ಇಟ್ಟಿಗೆ ಕೆಂಪಿಗೆ ತಿರುಗಿತ್ತು. ಹಣ್ಣಿನ ವಾಸನೆ ಹುಡುಕಬೇಕು. ಸಾರ್ ಅವಸರ ಮಾಡಬೇಡಿ, ಗ್ಲಾಸು ತಿರುಗಿಸಿ, ಬಿಟ್ಟು ಬಿಟ್ಟು ಮೂಸಿ ಅಂದರು. ಮೂಸಿದೆ. ಒಂದು ಸಲ ಹೊಗೆಸೊಪ್ಪಿನ ಚೀಲ, ಇನ್ನೊಂದು ಸಲ ಕೆತ್ತಿದ ಪೆನ್ಸಿಲ್, ಆಮೇಲೆ ಹಳೇ ಚರ್ಮ, ಮಳೆ ನಿಂತ ಮೇಲೆ ಎದ್ದ ಅಣಬೆ. ಕೊನೆಗೆ ಎಲ್ಲದರ ಹಿಂದೆ ಒಣಗಿದ ಅಂಜೂರದ ಸಿಹಿ. ಬಾಯಿಗೆ ಹಾಕಿದರೆ ಒಗರು ಎಲ್ಲೂ ಹೋಗಿರಲಿಲ್ಲ, ಆದರೆ ಎಳೆಯೋದು ಬಿಟ್ಟು ನೇವರಿಸ್ತಿತ್ತು. ಉಗುಳಿ ಚೊಂಬು ಕೆಳಗಿಟ್ಟ ಮೇಲೂ ಬಾಯಲ್ಲಿ ನಿಂತೇ ಇತ್ತು, ಹೋಗೋ ಮನಸ್ಸೇ ಇಲ್ಲದ ನೆಂಟರ ಹಾಗೆ.

ಆ ದಿನ ನನಗೆ ಆದ ಸಂತೋಷ ಹೇಳತೀರದು. ಎಲ್ಲೋ ಯಾರೋ ಬಚ್ಚಿಟ್ಟ ಇಷ್ಟು ವರ್ಷಗಳನ್ನ ಹಿಂದೂಪುರದ ಒಂದು ಕೋಣೆಯಲ್ಲಿ ನಿಂತು ನನ್ನ ಮೂಗಿನಿಂದ ನಾನು ಬಿಚ್ಚಿ ನೋಡಿದ್ದೆ.

ಇದನ್ನೇ ನಾವೂ ಮಾಡಬೇಕು ಅಂತ ಮೂರ್ತಿ ಸಾರ್ ಹಟ ಹಿಡಿದರು. ಅದಕ್ಕೆ ಪರಿಗಿ, ಗೋರಂಟ್ಲ ಕಡೆಯ ಹಣ್ಣು ಆಗೋದಿಲ್ಲ, ನೀರು ಜಾಸ್ತಿ. ಸಿಪ್ಪೆ ದಪ್ಪ, ಕಾಳು ಚಿಕ್ಕದು ಬೇಕು. ಅದು ಸಿಕ್ಕಿದ್ದು ನನ್ನ ತವರಿನ ಕಡೆ, ಕಲ್ಯಾಣದುರ್ಗದ ಗರಸು ಮಣ್ಣಿನಲ್ಲಿ. ಫ್ಯಾಕ್ಟರಿ ಯಜಮಾನರನ್ನ ಒಪ್ಪಿಸಿ ಅಲ್ಲಿ ಕೆಂಪು ದ್ರಾಕ್ಷಿ ಹಾಕಿಸಿದರು. ಬಳ್ಳಿ ಫಲಕ್ಕೆ ಬಂದ ಮೇಲೆ ನಾನು, ಓಬಳೇಶ ಕೊಯ್ಲಿಗೆ ಹೋಗಿ ಒಂದೊಂದು ಗೊಂಚಲಿಂದಲೂ ಒಂದು ಹಣ್ಣು ಬಾಯಿಗೆ ಹಾಕಿ ನೋಡಿ ಕೀಳಿಸಿದೆವು. ಆ ವರ್ಷದ ವೈನು ಬ್ಯಾರಲಿಗೆ ಹೋಯ್ತು, ಬಾಗಿಲು ಹಾಕಿದೆವು. ವರ್ಷಗಳು ಕಳೆದವು. ಆಗಾಗ ಒಂದು ಗುಟುಕು ತೆಗೆದು ನೋಡೋದು, ಮತ್ತೆ ಮುಚ್ಚೋದು. ಮಕ್ಕಳು ಬೆಳೆಯೋದನ್ನ ನೋಡಿದ ಹಾಗೆಯೇ. ಒಂದು ವರ್ಷ ಮಾತೇ ಆಡೋದಿಲ್ಲ, ಇನ್ನೊಂದು ವರ್ಷ ಇದ್ದಕ್ಕಿದ್ದಂತೆ ಏನೋ ಹೇಳ್ತವೆ.

ಇಲ್ಲಿ ನಮ್ಮ ಫ್ಯಾಕ್ಟರಿ ಯಜಮಾನರನ್ನ ಪರಿಚಯ ಮಾಡಿಕೊಡಬೇಕು. ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರದ ಮನೆತನ. ಬಿಳೀ ಪಂಚೆ, ಬಿಳೀ ಶರ್ಟು, ಮಾತು ಕಮ್ಮಿ. ಒಳ್ಳೇ ಮನುಷ್ಯ, ಕೆಲಸದವರ ಮನೆ ಕಷ್ಟಕ್ಕೆ ಕೇಳೋಕೆ ಮುಂಚೆ ಬರೋರು. ಕುಡಿಯೋ ಅಭ್ಯಾಸ ಇರಲಿಲ್ಲ, ವ್ಯಾಪಾರಕ್ಕೆ ರುಚಿ ನೋಡ್ತಿದ್ದರು ಅಷ್ಟೇ. ಎಂಜಲಿನ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಎಲ್ಲಿಗೆ ಹೋದರೂ ಜೊತೆಗೆ ಒಂದು ಬೆಳ್ಳಿ ಲೋಟ. ನೀರಾಗಲಿ ಕಾಫಿಯಾಗಲಿ, ಲೋಟ ಮೇಲೆತ್ತಿ ಬಾಯಿಗೆ ಧಾರೆ ಬಿಟ್ಟುಕೊಳ್ಳೋರು, ತುಟಿ ತಾಗಿಸಿದವರಲ್ಲ. ನಮ್ಮ ಊರುಗಳಲ್ಲಿ ಅದೇನು ಹೊಸದಲ್ಲ, ನಾವೆಲ್ಲ ಹಾಗೇ ಕುಡಿದು ಬೆಳೆದವರು. ಅದಕ್ಕೇ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಅವರಿಗೆ ನೆಲಮಾಳಿಗೆಯ ಕೆಂಪು ವೈನು ಹಿಡಿಸಲಿಲ್ಲ. ಪ್ರತಿ ವರ್ಷ ಲೋಟಕ್ಕೆ ಹಾಕಿಸಿಕೊಂಡು, ಧಾರೆ ಬಿಟ್ಟುಕೊಂಡು, ಮುಖ ಸಿಂಡರಿಸಿ, ಹುಳಿ, ಒಗರು ಅಂದು ಹೋಗ್ತಿದ್ದರು. ಅಂಗಡಿಯಲ್ಲಿ ಓಡೋದು ಸಿಹಿ ವೈನು. ಅದಕ್ಕೆ ಜಾಗ ಸಾಲದು. ಒಂದು ದಿನ ನಿರ್ಧಾರ ಹೊರಬಿತ್ತು. ಕಲ್ಯಾಣದುರ್ಗದ ವೈನು ಪೂರ್ತಿ ಬ್ರಾಂದಿ ಭಟ್ಟಿಗೆ, ನೆಲಮಾಳಿಗೆ ಸಿಹಿ ವೈನಿನ ಗೋಡೌನು, ರುಚಿ ನೋಡೋರೆಲ್ಲ ಬಾಟಲಿ ತುಂಬೋ ಕಡೆಗೆ. ಮೂರ್ತಿ ಸಾರ್ ಎಷ್ಟು ಹೇಳಿದರೂ ಕೇಳಲಿಲ್ಲ. ಅವರಿಗೂ ಸಿಟ್ಟು ಬಂದು, ರಾಜೀನಾಮೆ ಕೊಟ್ಟು ಹೋಗ್ತೀನಿ ಅಂದರು.

ನನಗೆ ಬಾಟಲಿ ತುಂಬೋ ಕೆಲಸದ ಬಗ್ಗೆ ಕೀಳು ಭಾವನೆಯೇನಿಲ್ಲ. ಆದರೆ ಆ ವೈನು! ಭಟ್ಟಿಗೆ ಹೋದರೆ ಅದನ್ನ ಕಾಯಿಸಿ ಬರೀ ಸಾರಾಯಿ ತೆಗೀತಾರೆ. ಅಷ್ಟು ವರ್ಷ ಕಾದು ಕಾದು ಅದರೊಳಗೆ ಬಂದಿದ್ದ ಹೊಗೆಸೊಪ್ಪು, ಅಂಜೂರ, ಮಣ್ಣು ಎಲ್ಲ ಆವಿಯಾಗಿ ಹೋಗುತ್ತೆ. ಮೂರು ದಿನ ನನಗೆ ಅನ್ನ ಇಳಿಯಲಿಲ್ಲ.

ಟ್ಯಾಂಕರು ಬೆಳಿಗ್ಗೆಯೇ ಬಂದು ಅಂಗಳದಲ್ಲಿ ನಿಂತಿತು. ನೆಲಮಾಳಿಗೆ ಬಾಗಿಲು ತೆಗೆದಿಟ್ಟು ಪೈಪು ಒಳಕ್ಕೆ ಬಿಟ್ಟರು. ಓಬಳೇಶನಿಗೆ ಪಂಪ್ ಹಾಕೋಕೆ ಹೇಳಿದ್ದರು. ಅವನು ಸ್ವಿಚ್ಚಿನ ಹತ್ತಿರ ನಿಂತು, ಇದ್ದ ಕರೆಂಟನ್ನ ಇಲ್ಲ ಅಂತ ಸುಳ್ಳು ಹೇಳ್ತಿದ್ದ.

ಮೂರ್ತಿ ಸಾರ್ ಕೊನೇ ಪ್ರಯತ್ನ ಅಂತ ತಮ್ಮ ಸ್ವಂತದ್ದು ಒಂದು ಬಾಟಲಿ ತಂದಿದ್ದರು, ಹಳೇ ಬೋರ್ಡೋ. ಜೊತೆಗೆ ಇಟ್ಟು ನೋಡಿ, ಆಮೇಲೆ ನಿಮ್ಮಿಷ್ಟ ಅಂತ ಯಜಮಾನರನ್ನ ಕೇಳಿಕೊಂಡರು. ಯಜಮಾನರು ಒಪ್ಪಿ ರುಚಿ ಕೋಣೆಗೆ ಬಂದರು. ನಾನು ಫ್ರಾನ್ಸಿನದನ್ನ ಗಷ್ಟು ಕದಲದ ಹಾಗೆ ಬಗ್ಗಿಸಿ ಬೆಳ್ಳಿ ಲೋಟಕ್ಕೆ ಹಾಕಿಕೊಟ್ಟೆ. ಅವರು ಲೋಟ ಎತ್ತಿದರು, ಧಾರೆ ಬಿಟ್ಟುಕೊಂಡರು, ನುಂಗಿದರು.

ಇದೂ ಹುಳಿ, ಇದೂ ಒಗರು ಅಂದರು. ಫ್ರಾನ್ಸಿನದೇ ಹೀಗಿದ್ದ ಮೇಲೆ ನಮ್ಮದನ್ನ ಇಟ್ಟುಕೊಂಡು ಏನು ಮಾಡೋದು ಮೂರ್ತಿ ಅಂತ ಕೇಳಿ, ಎದ್ದರು. ಸಾರ್ ಮುಖ ಬಿಳಿಚಿಕೊಂಡಿತು. ತಮ್ಮ ಕೈಯಾರೆ ಕೊನೇ ಬಾಗಿಲು ಮುಚ್ಚಿದ ಹಾಗಾಗಿತ್ತು.

ಅವತ್ತು ಮಾತ್ರ, ಯಜಮಾನರು ಕುಡಿಯುವಾಗ ನಾನು ತಲೆ ತಗ್ಗಿಸದೆ ಅವರ ಲೋಟವನ್ನೇ ನೋಡ್ತಿದ್ದೆ. ಲೋಟ ಮೂಗಿಗಿಂತ ಎಷ್ಟು ಮೇಲಿತ್ತು! ವೈನು ಗಂಟಲಿಗೆ ಇಳಿದುಹೋಗಿತ್ತು, ಮೂಗಿಗೂ ಅದಕ್ಕೂ ಭೇಟಿಯೇ ಆಗಿರಲಿಲ್ಲ. ನಾಲಿಗೆ ಮೇಲೂ ನಿಂತಿರಲಿಲ್ಲ. ಈ ಮನುಷ್ಯ ಇಷ್ಟು ವರ್ಷ ನಮ್ಮ ವೈನನ್ನ ಕಂಡೇ ಇಲ್ಲ! ಮೂರ್ತಿ ಸಾರ್ ಆಗಲಿ ನಾವಾಗಲಿ ಇದನ್ನ ಯಾಕೆ ಗಮನಿಸಲಿಲ್ಲ ಅಂದರೆ, ಧಣಿ ಕುಡಿಯುವಾಗ ಮುಖ ನೋಡೋ ಪದ್ಧತಿ ನಮ್ಮಲ್ಲಿಲ್ಲ, ತಲೆ ತಗ್ಗಿಸ್ತೀವಿ.

ಬಾಯಿ ಬಿಡೋಕೆ ಭಯವಾಯ್ತು. ದೊಡ್ಡವರಿಗೆ ಹೀಗೆ ಕುಡೀರಿ ಅಂತ ಹೇಳೋದು ಅವರ ಮನೆ ಆಚಾರಕ್ಕೆ ಕೈ ಹಾಕಿದ ಹಾಗೆ. ಆದರೆ ಹೊರಗೆ ಡ್ರೈವರು ಹಾರ್ನ್ ಹೊಡೀತಿದ್ದ. ಆದದ್ದಾಗಲಿ ಅಂತ ಅಡ್ಡ ನಿಂತೆ.

"ಸಾರ್, ತಪ್ಪು ತಿಳೀಬೇಡಿ. ನೀವು ಇದನ್ನ ಕುಡಿದಿರಿ, ನೋಡ್ಲಿಲ್ಲ. ಗ್ಲಾಸಿಗೆ ತುಟಿ ಇಟ್ಟು, ಮೂಗು ಒಳಗೆ ಬಿಟ್ಟು ಒಂದೇ ಒಂದು ಸಲ ನೋಡಿ."

ಯಜಮಾನರು ತಿರುಗಿ ನನ್ನನ್ನ ನೋಡಿದರು. ಸಿಟ್ಟೋ ಅಲ್ಲವೋ ಗೊತ್ತಾಗಲಿಲ್ಲ.

"ನಮ್ಮಮ್ಮ ಎಂಜಲು ಮಾಡ್ಬೇಡ ಅಂತ ಬೆಳೆಸವ್ರೆ ಕಣಮ್ಮ. ಈ ವಯಸ್ಸಲ್ಲಿ ಬಿಡು ಅಂತೀಯಾ?"

ನಾನು ಅಲಮಾರಿ ಹತ್ತಿರ ಹೋದೆ. ಹೊಸ ಗ್ಲಾಸುಗಳ ಡಬ್ಬ ಒಡೆದು, ಯಾರೂ ಮುಟ್ಟದ ಎರಡು ಗ್ಲಾಸು ತೆಗೆದು, ತೊಳೆದು ಒರೆಸಿದೆ. ಎರಡಕ್ಕೂ ಕಾಲಿಗೆ ಕೆಂಪು ದಾರ ಕಟ್ಟಿ ಅವರ ಮುಂದೆ ಇಟ್ಟೆ.

"ಇವೆರಡೂ ನಿಮ್ಮವು ಸಾರ್. ಇವತ್ತಿಂದ ಇನ್ನೊಬ್ಬರು ಮುಟ್ಟಲ್ಲ, ತೊಳಿಯೋಳೂ ನಾನೇ. ತನ್ನ ಲೋಟಕ್ಕೆ ತಾನು ತುಟಿ ಇಟ್ರೆ ಅದು ಯಾರ ಎಂಜಲು?"

ಅವರು ಮೂರ್ತಿ ಸಾರ್ ಮುಖ ನೋಡಿದರು. ಸಾರ್ ಕಣ್ಣಲ್ಲೇ ಬೇಡಿಕೊಂಡರು. ಯಜಮಾನರು ಮತ್ತೆ ಕೂತರು. ಒಂದು ಗ್ಲಾಸಿಗೆ ಫ್ರಾನ್ಸಿನದು ಹಾಕಿ, ತಿರುಗಿಸೋದು ಹೇಗೆ ಅಂತ ತೋರಿಸಿದೆ. ಅವರು ತಿರುಗಿಸಿದರು, ಮೂಗು ಇಳಿಸಿದರು. ಒಂದು ಸಲ ತಲೆ ಎತ್ತಿ ಗ್ಲಾಸನ್ನ ನೋಡಿದರು, ಮತ್ತೆ ಮೂಗು ಇಳಿಸಿದರು. ಈ ಸಲ ತಲೆ ಎತ್ತಲೇ ಇಲ್ಲ. ಆಮೇಲೆ ಮೆಲ್ಲಗೆ ಗ್ಲಾಸಿಗೆ ತುಟಿ ತಾಗಿಸಿ, ಒಂದು ಗುಟುಕು ಎಳೆದುಕೊಂಡು, ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಮನುಷ್ಯ ಹುಣಸೆಹಣ್ಣಿನ ಮಂಡಿಯಲ್ಲಿ ಹುಟ್ಟಿ ಬೆಳೆದವರು ಅಂತ ಹೇಳಿದೆನಲ್ಲ. ಮೂಟೆ ಬಿಚ್ಚದೆ ಹೊರಗಿಂದ ಮೂಸಿ ಇದು ಈ ವರ್ಷದ್ದು, ಇದು ಹೋದ ವರ್ಷದ್ದು ಅನ್ನೋ ಮೂಗು ಅದು. ಆ ಮೂಗನ್ನ ನಾವು ಇಷ್ಟು ವರ್ಷ ಗ್ಲಾಸಿನಿಂದ ದೂರ ಇಟ್ಟಿದ್ದೆವು. ಕಣ್ಣು ಬಿಟ್ಟಾಗ ಅವರ ಮುಖವೇ ಬೇರೆಯಾಗಿತ್ತು.

"ಮೂರ್ತಿ, ಇದು ನಮ್ಮ ಹಳೇ ಹುಣಸೆಹಣ್ಣಿನ ಗೋಡೌನು ಕಣಯ್ಯ. ಕೆಳಗಿನ ಸಾಲಿನ ಮೂಟೆ. ಇದು ಕೆಟ್ಟಿರೋದಲ್ಲ, ಕಾದಿರೋದು."

ಇನ್ನೊಂದು ಗ್ಲಾಸಿಗೆ ನಾನು ಕಲ್ಯಾಣದುರ್ಗದ್ದು ಹಾಕಿದೆ. ಅವರು ಅವಸರವಿಲ್ಲದೆ ಮೂಸಿದರು, ಬಾಯಿಗೆ ಹಾಕಿಕೊಂಡರು. ಒಂದು ಸಲ ಅದು, ಒಂದು ಸಲ ಇದು. ನಮ್ಮದು ಫ್ರಾನ್ಸಿನದಕ್ಕೆ ಸಮ ಅಂತ ನಾನು ಸುಳ್ಳು ಹೇಳೋದಿಲ್ಲ. ನಮ್ಮದರಲ್ಲಿ ಒಗರು ಇನ್ನೂ ಮುಂದೆ ನಿಂತಿತ್ತು, ಅಣಬೆ ಚರ್ಮ ಇನ್ನೂ ಬಂದಿರಲಿಲ್ಲ. ಆದರೆ ಹೊಗೆಸೊಪ್ಪು ಬಂದಿತ್ತು, ಹಣ್ಣು ಒಣಗೋಕೆ ಶುರುವಾಗಿತ್ತು, ಬಾಯಲ್ಲಿ ನಿಲ್ಲೋದು ಕಲಿತಿತ್ತು.

ಅವರು ಗ್ಲಾಸು ಕೆಳಗಿಟ್ಟರು. ಆಮೇಲೆ ನಮ್ಮ ಕಡೆ ನೋಡದೆ, ತಮಗೆ ತಾವೇ ಹೇಳಿಕೊಳ್ಳೋ ಹಾಗೆ, ಇದೂ ಅದೇ ದಾರೀಲೈತೆ, ಇನ್ನೂ ನಡೀತಾ ಐತೆ ಅಷ್ಟೇ ಅಂದರು.

ಯಜಮಾನರು ಎದ್ದು ಅಂಗಳಕ್ಕೆ ಹೋದರು. ನಾವೆಲ್ಲ ಹಿಂದೆ ಹಿಂದೆ. ಟ್ಯಾಂಕರಿನ ಡ್ರೈವರು ಇಳಿದು ಬಂದು ಸಲಾಮು ಹೊಡೆದ. ಯಜಮಾನರು ಅವನ ಹೆಗಲ ಮೇಲೆ ಕೈ ಇಟ್ಟು ತೆಲುಗಿನಲ್ಲಿ ಹೇಳಿದರು.

"ಊರಿಕೇ ತಿಪ್ಪಿಂಚಾಮು ನಾಯನಾ. ಖಾಳೀಗಾನೇ ವೆಳ್ಳಿಪೋ."

ಸುಮ್ಮನೆ ಓಡಾಡಿಸಿಬಿಟ್ಟೆವಪ್ಪ, ಖಾಲಿಯೇ ಹೋಗಿಬಿಡು ಅಂತ. ಅವನಿಗೆ ಊಟ ಹಾಕಿಸಿ ಕಳಿಸೋಕೆ ಹೇಳಿದರು. ಓಬಳೇಶ ಸ್ವಿಚ್ಚು ಬಿಟ್ಟು ಓಡಿ ಬಂದವನು, ನೆಲಮಾಳಿಗೆಯಿಂದ ಪೈಪು ಎಳೆದ ಎಳೆತಕ್ಕೆ ಹಿಂದಕ್ಕೆ ಬಿದ್ದ, ಬಿದ್ದಲ್ಲೇ ನಗ್ತಿದ್ದ. ಬಾಟಲಿ ತುಂಬೋ ಕಡೆಯವರು, ಆರಿಸೋ ಮೇಜಿನ ಹೆಂಗಸರು, ಎಲ್ಲ ಹೊರಗೆ ಬಂದು ನಿಂತರು. ಟ್ಯಾಂಕರು ಗೇಟು ದಾಟಿ ರಸ್ತೆಗೆ ಹತ್ತೋವರೆಗೂ ಯಾರೂ ಕದಲಲಿಲ್ಲ. ದಾಟಿದ ಮೇಲೆ ಯಾರೋ ಕೇಕೆ ಹಾಕಿದರು. ಆಮೇಲೆ ಹಾಕದವರೇ ಇಲ್ಲ. ಗೆದ್ದೆವು, ನಾನಂತೂ ಹೇಳ್ತೀನಿ, ಗೆದ್ದೆವು. ಅಂಥ ಸಂತೋಷ ನನ್ನ ಮದುವೇಲೂ ಆಗಿರಲಿಲ್ಲ, ನಮ್ಮೋರು ಇದನ್ನ ಓದಿದರೆ ಓದಲಿ.

ಮೂರ್ತಿ ಸಾರ್ ಒಂದು ಖಾಲಿ ಕ್ರೇಟಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳ್ತಿದ್ದರು. ಯಜಮಾನರು ಅವರ ಪಕ್ಕ ನಿಂತು, ಇನ್ನೂ ಎಷ್ಟು ವರ್ಷ ಇಡಬಹುದು ಅಂತ ಕೇಳಿದರು.

"ನಾವಿಬ್ಬರೂ ಇರೋವರೆಗೆ ಇಡಬಹುದು ಸಾರ್. ಆಮೇಲೂ ಇಡಬಹುದು."

"ಹಂಗಾದ್ರೆ ಇಡು" ಅಂದರು ಯಜಮಾನರು.

ಅಷ್ಟರಲ್ಲಿ ನನ್ನ ಕಣ್ಣು ನೆಲಮಾಳಿಗೆ ಕಡೆ ಹೋಯ್ತು. ಬೆಳಿಗ್ಗೆ ಪೈಪಿಗೆ ಅಂತ ತೆಗೆದ ಬಾಗಿಲು ಹಾಗೇ ತೆರೆದುಕೊಂಡಿತ್ತು. ನೆತ್ತಿ ಸುಡೋ ಬಿಸಿಲು, ಒಳಗಿನ ತಂಪೆಲ್ಲ ಅಂಗಳಕ್ಕೆ ಬರ್ತಿತ್ತು. ಸಾರ್, ಅಳೋದು ಆಮೇಲೆ, ಮೊದಲು ಬಾಗಿಲು ಹಾಕೋಣ ಬನ್ನಿ ಅಂದೆ. ಅವರು ಕಣ್ಣು ಒರೆಸಿಕೊಂಡು ಎದ್ದರು. ಅದು ಭಾರದ ಬಾಗಿಲು. ಒಂದು ಕಡೆ ಸಾರ್, ಒಂದು ಕಡೆ ನಾನು, ನಡುವೆ ಪಂಚೆ ಮೇಲಕ್ಕೆ ಕಟ್ಟಿಕೊಂಡು ಯಜಮಾನರು. ಮೂವರೂ ಸೇರಿ ತಳ್ಳಿ ಹಾಕಿದೆವು.

ಆಮೇಲೆ ಅದು ಬ್ಯಾರಲಿನಿಂದ ಬಾಟಲಿಗೆ ಹೋಯ್ತು, ಬಾಟಲಿಗಳು ಮಲಗಿದವು. ಯಜಮಾನರು ತೀರಿಹೋದರು, ಮೂರ್ತಿ ಸಾರ್ ವಯಸ್ಸಾಗಿ ಊರು ಸೇರಿದರು, ಈಗ ನಾನೂ ಕೆಲಸ ಬಿಟ್ಟು ಮನೆಗೆ ಬಂದುಬಿಟ್ಟೆ. ವೈನು ಅಲ್ಲೇ ಇದೆ. ಇನ್ನು ಅದನ್ನ ತೆಗೆದು ನೋಡೋರು ನೀವು. ಅಣಬೆ ಬಂತಾ, ಚರ್ಮ ಬಂತಾ, ಒಗರು ನೇವರಿಸೋಕೆ ಕಲಿತಾ, ನನಗೆ ಗೊತ್ತಿಲ್ಲ. ನೀವು ಮೂಸಿ ನೋಡಿ, ಫೋನ್ ಮಾಡಿ ಹೇಳಿ.